ಮುರುಗಲು ಸಿಪ್ಪೆ ಮಾತ್ರೆಯಾಗಬೇಕೆ?

ಸಿಪ್ಪೆಯ ಸಾರ ತೆಗೆದು ಮಾತ್ರೆ ಮಾಡಿ ಮಾರಬೇಕೆ, ಮನೆಯ ಶರಬತ್ತಾಗಿಯೇ ಉಳಿಸಬೇಕೆ? ಇಬ್ಬರು ಬರೆದಿದ್ದಾರೆ.

ಪರ: ಸಿಪ್ಪೆಗೊಂದು ಬೆಲೆ ಬರಲಿ

ನಮ್ಮ ಬೆಟ್ಟದಲ್ಲಿ ಆರು ಮುರುಗಲು (ಪುನರ್ಪುಳಿ) ಮರಗಳಿವೆ. ಏಪ್ರಿಲ್ ಕೊನೆಗೆ ಹಣ್ಣಾಗಲು ಶುರುವಾದರೆ ಮೇ ಮುಗಿಯುವವರೆಗೂ ಬುಡವೆಲ್ಲ ಕೆಂಪು. ಮನೆಯ ಶರಬತ್ತಿಗೆ ಎಷ್ಟು ಬೇಕು? ಎರಡು ಬುಟ್ಟಿ. ಮಿಕ್ಕಿದ್ದು ಮಂಗಗಳಿಗೆ, ಇಲ್ಲವೇ ಮಣ್ಣಿಗೆ.

ಎರಡು ವರ್ಷದ ಹಿಂದೆ ಹಟ ಹಿಡಿದು ಎಲ್ಲವನ್ನೂ ಹೆಕ್ಕಿದೆವು. ಬೀಜ ತೆಗೆದು ಸಿಪ್ಪೆಯನ್ನು ಅಂಗಳದಲ್ಲಿ ಹರವಿದೆವು. ನಾಲ್ಕನೇ ದಿನ ಮಧ್ಯಾಹ್ನ ಮಳೆ! ಕಂಬಳಿ, ತಾಡಪಾಲು, ಕೊನೆಗೆ ಮದುವೆಯಲ್ಲಿ ಉಡುಗೊರೆ ಬಂದ ಜಮಖಾನೆಯನ್ನೂ ಹೊದೆಸಿದ್ದಾಯಿತು. ಆಮೇಲೆ ಅಟ್ಟಕ್ಕೆ ಹೊತ್ತು ಕೆಳಗೆ ಬೆಂಕಿ ಹಾಕಿದೆವು. ವಾರ ಬಿಟ್ಟು ನೋಡಿದರೆ ಅರ್ಧಕ್ಕರ್ಧ ಬೂಷ್ಟು. ಜಮಖಾನೆಯ ಕಲೆ ಇವತ್ತಿಗೂ ಹೋಗಿಲ್ಲ. ವ್ಯಾಪಾರಿ ಒಂದು ಸಿಪ್ಪೆ ಮೂಸಿ, "ಹೊಗೆ ವಾಸನೆ ಅಮ್ಮಾ" ಅಂದು ಅರ್ಧ ದರ ಹೇಳಿದ. ಸಾರ ತೆಗೆಯುವವರು ಜಾಸ್ತಿಯಾದರೆ ನಮ್ಮೂರಿಗೂ ಒಂದು ಒಣಗಿಸುವ ಗೂಡು ಬಂದೀತು.

ಇದು ಬರೀ ಅಜ್ಜಿ ಮದ್ದಲ್ಲ. ಮುರುಗಲಿನಲ್ಲೂ ಅದರ ದಾಯಾದಿ ಉಪ್ಪಾಗೆಯಲ್ಲೂ ಹುಳಿ ಬರುವುದು ಹೈಡ್ರಾಕ್ಸಿಸಿಟ್ರಿಕ್ ಆಮ್ಲದಿಂದ. ಉಪ್ಪಾಗೆಯ ಹುಳಿ ಇದೇ ಎಂದು 1965ರಲ್ಲಿ ಗುರುತಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಸಿಪ್ಪೆಯ ಕೆಂಪು ಆಂಥೋಸಯನಿನ್, ಅದರೊಳಗಿನ ಹಳದಿ ಗಾರ್ಸಿನಾಲ್. ಎರಡೂ ಆಂಟಿಆಕ್ಸಿಡೆಂಟ್, ಅಂದರೆ ಆಕ್ಸಿಡೀಕರಣದ ಹಾನಿ ತಡೆಯುವಂಥವು. ಶರಬತ್ತು ಮಾಡಿಟ್ಟರೆ ಬಿಸಿಗೆ, ಬೆಳಕಿಗೆ ಆ ಕೆಂಪು ಹೋಗಿ ಕಂದಾಗುತ್ತದೆ. ಸಾರ ತೆಗೆದು ಜೋಪಾನ ಮಾಡಿದರೆ ಉಳಿಯುತ್ತದೆ. ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಬಂತು, ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಅದನ್ನು ಕೊಡುತ್ತಾರೆ. ಆ ಹೂವನ್ನು ಸುಮ್ನೆ ದೇವರಿಗೆ ಏರಿಸುತ್ತಾ ಕೂತಿದ್ದರೆ ಆಗುತ್ತಿತ್ತೇ?

ಈ ಹುಳಿಯನ್ನು ತೂಕ ಇಳಿಸುವ ಮಾತ್ರೆಯಾಗಿಯೂ ಮಾರುತ್ತಾರೆ. ಅದರಿಂದ ತೂಕ ಇಳಿಯಲಿಲ್ಲ ಅಂತ ಅಮೆರಿಕದ ಒಂದು ಪ್ರಯೋಗವನ್ನು ಎಲ್ಲರೂ ಹಿಡಿದುಕೊಂಡಿದ್ದಾರೆ. ಮೂರು ಹೊತ್ತು ಚೀಸ್ ತಿನ್ನುವವರಿಗೆ ನಮ್ಮ ಹುಳಿ ಏನು ಮಾಡೀತು, ಬಿಡಿ. ಬೇಡ ಅನ್ನುವವರು ಒಮ್ಮೆ ಮೇ ಕೊನೆಯಲ್ಲಿ ನಮ್ಮ ಅಂಗಳಕ್ಕೆ ಬರಲಿ. ತಾಡಪಾಲು ಹಿಡಿಯಲು ಒಬ್ಬರು ಕಡಿಮೆ ಇದ್ದಾರೆ.

ವಿರೋಧ: ಲೋಟದಲ್ಲೇ ಇರಲಿ

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಔಷಧದ ಅಂಗಡಿಯಲ್ಲಿ ಕೂರುವವಳು ನಾನು. ಇಂಥ ಮಾತ್ರೆಯ ಡಬ್ಬಿಗಳನ್ನು ಮಾರುತ್ತೇನೆ ಕೂಡ, ಮೊದಲೇ ಹೇಳಿಬಿಡುತ್ತೇನೆ.

1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪ್ರಯೋಗ ನಡೆಯಿತು. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಉಪ್ಪಾಗೆಯ ಆಮ್ಲ, ಇನ್ನೊಂದಕ್ಕೆ ಏನೂ ಇಲ್ಲದ ಹುಸಿ ಮಾತ್ರೆ. ಊಟ ಇಬ್ಬರಿಗೂ ಪಥ್ಯದ್ದೇ. ಆಮ್ಲ ತಿಂದವರು ಸರಾಸರಿ 3.2 ಕೆಜಿ ಇಳಿದರು, ಹುಸಿ ಮಾತ್ರೆಯವರು 4.1 ಕೆಜಿ. ಸಂಖ್ಯಾಶಾಸ್ತ್ರದ ಲೆಕ್ಕದ ಪ್ರಕಾರ ಅದು ವ್ಯತ್ಯಾಸವೇ ಅಲ್ಲವಂತೆ. ಆದರೂ ನನಗೆ ನಗು ಬಂತು.

ಸಾರದ ಭಕ್ತರಿಗೆ ಆಂಟಿಆಕ್ಸಿಡೆಂಟ್ ಎಂದರೆ ತೀರ್ಥ ಇದ್ದ ಹಾಗೆ, ಎಷ್ಟು ಕುಡಿದರೂ ಒಳ್ಳೇದೇ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಒಂದು ಪ್ರಯೋಗ ನಡೆದಿತ್ತು. ಫಲ ಹೊರಬಂದದ್ದು 1994ರಲ್ಲಿ. ಕ್ಯಾರೆಟ್ಟಿನಲ್ಲಿರುವ ಬೀಟಾ ಕೆರೋಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯಾಗಿತ್ತು. ಗಾರ್ಸಿನಿಯಾ (ಮುರುಗಲು, ಉಪ್ಪಾಗೆಗಳ ಕುಲದ ಹೆಸರು) ಮಾತ್ರೆ ತಿಂದು ಲಿವರ್ ಕೆಡಿಸಿಕೊಂಡವರ ವರದಿಗಳೂ ಇವೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ನಡೆದದ್ದೆಲ್ಲ ಹೊಟ್ಟೆಯಲ್ಲಿ ನಡೆಯಬೇಕಲ್ಲ?

ನಮ್ಮತ್ತೆ ಪಿತ್ತಕ್ಕೆ ಬಿಳಿ ಮುರುಗಲನ್ನೇ ಹುಡುಕುತ್ತಾರೆ. ಅದರಲ್ಲಿ ಆ ಕೆಂಪು ಬಣ್ಣವೇ ಇಲ್ಲ! ಹಾಗಾದರೆ ಗುಣ ಮಾಡಿದ್ದು ಯಾವುದು? ಹುಳಿಯೋ, ಜೀರಿಗೆಯೋ, ಬೆಲ್ಲವೋ, ಅತ್ತೆಯ ಬೈಗುಳವೋ?

ಬೆಳೆದವರಿಗೆ ಎರಡು ಕಾಸು ಸಿಗುತ್ತದೆ ಅಂದರೆ ನನ್ನ ಹತ್ತಿರ ಉತ್ತರವಿಲ್ಲ. ಶರಬತ್ತು ಜಾಸ್ತಿ ಕುಡಿಯಿರಿ ಅನ್ನಬಹುದು, ಅಷ್ಟೆ. ಡಬ್ಬಿ ಕೇಳಿ ಬಂದವರಿಗೆ, "ಶುಗರ್ ಮಾತ್ರೆ ತಗೋತೀರಾ? ಲಿವರ್ ತೊಂದರೆ ಏನಾದರೂ ಇದೆಯಾ?" ಅಂತ ಕೇಳುತ್ತೇನೆ. "ಇದು ಗಿಡದ್ದಲ್ವಾ ಮೇಡಂ" ಅಂತ ನಗುತ್ತಾರೆ. ನಾನು ಡಬ್ಬಿ ಕೊಟ್ಟು ಚಿಲ್ಲರೆ ಎಣಿಸುತ್ತೇನೆ.