“ಎಲ್ಲರಿಗೂ ಆಗುವ ರೂಟ್” ಅಂತ ಸುಮ್ನೆ ಬರೆಯಬೇಡಿ

ಇವತ್ತು ಬೆಳಿಗ್ಗೆ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ. “45 ಕಿಲೋಮೀಟರ್, ಸಣ್ಣಪುಟ್ಟ ಏರಿಳಿತ, ಯಾರು ಬೇಕಾದರೂ ಬನ್ನಿ” ಅಂತ ಕರೆದಿದ್ದ ಸೈಕಲ್ ರೈಡ್ ಅದು. 38ನೇ ಕಿಲೋಮೀಟರಿನಲ್ಲಿ ಒಂದು ತಿರುವು. ತಿರುಗಿದರೆ ನೇರ ಏರು. ಹೊಸದಾಗಿ ರೋಡ್ ಬೈಕ್ ತಗೊಂಡ ಒಬ್ಬರು ದೊಡ್ಡ ಗೇರಿನಲ್ಲೇ ಅಲ್ಲಿಗೆ ಬಂದುಬಿಟ್ಟಿದ್ದರು. ಏರಿನ ಮಧ್ಯೆ, ಮೈಭಾರವೆಲ್ಲ ಪೆಡಲ್ ಮೇಲೆ ಹಾಕಿ ತುಳಿಯುತ್ತಲೇ ಗೇರ್ ಇಳಿಸಿದರು. ಕಟಕಟ ಅಂತ ಸದ್ದಾಯಿತು, ಚೈನ್ ಕಳಚಿತು. ಹಾಕಿದ್ದು ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ, ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಪಕ್ಕಕ್ಕೆ ವಾಲಿ ಬಿದ್ದರು. ಮೊಣಕೈ ತರಚಿತು. ಆಮೇಲೆ ಆ ಕ್ಲೀಟ್ ಶೂನಲ್ಲೇ ಜಾರುತ್ತ ಜಾರುತ್ತ ಸೈಕಲ್ ತಳ್ಳಿಕೊಂಡು ಮೇಲೆ ಬಂದರು.

ಬಂದ ಮೇಲೆ ಅವರೇ “ಸಾರಿ, ನಾನು ಇನ್ನೂ ಪ್ರಾಕ್ಟೀಸ್ ಮಾಡಿ ಬರಬೇಕಿತ್ತು” ಅಂದರು. ನನಗೆ ಉರಿದುಹೋಯಿತು. ಸಾರಿ ಕೇಳಬೇಕಾದವರು ಅವರಾ?

ನನಗೆ ರೂಟ್ ಹಾಕುವುದೆಂದರೆ ಪ್ರಾಣ ಅಂತ ನಿಮಗೆಲ್ಲ ಗೊತ್ತು. ರಾತ್ರಿ ಕೂತು ಮ್ಯಾಪ್ ನೋಡುತ್ತ ಯಾವ ಸಣ್ಣ ರಸ್ತೆ ಎಲ್ಲಿ ಕೂಡುತ್ತದೆ ಅಂತ ಹುಡುಕುವ ಸುಖವೇ ಬೇರೆ. ಅದಕ್ಕೇ ಇದು ನನಗೆ ಇಷ್ಟು ಚುಚ್ಚುತ್ತದೆ. ಕಿಲೋಮೀಟರ್ ಒಂದನ್ನೇ ಹೇಳಿ, ಜೊತೆಗೆ “ಸಣ್ಣಪುಟ್ಟ ಏರಿಳಿತ” ಅಂತ ಬರೆದರೆ ರೂಟ್ ಬಗ್ಗೆ ಏನೂ ಹೇಳಿದ ಹಾಗಾಗಲಿಲ್ಲ. ಎಷ್ಟು ಏರು? ಒಟ್ಟು ಎಷ್ಟು ಮೀಟರ್? ಅತಿ ಕಡಿದಾದ ತುಂಡು ಎಷ್ಟು ಪರ್ಸೆಂಟ್, ಅದು ಎಷ್ಟನೇ ಕಿಲೋಮೀಟರಿನಲ್ಲಿ ಬರುತ್ತದೆ? ಇದನ್ನು ಹೇಳದೆ ಜನರನ್ನು ಕರೆಯುವುದು ತಪ್ಪು.

ಸ್ವಲ್ಪ ಲೆಕ್ಕ ಹಾಕಿ. ಸೈಕಲ್, ಸವಾರ ಎರಡೂ ಸೇರಿ 85 ಕಿಲೋ ಇಟ್ಟುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ, ಗಾಳಿ ಇಲ್ಲದಾಗ, ಗಂಟೆಗೆ 20 ಕಿಲೋಮೀಟರ್ ಹೋಗಲು 70–80 ವ್ಯಾಟ್ ಸಾಕು. ಮಾತಾಡುತ್ತ ಹೋಗಬಹುದು. ಅದೇ ಸವಾರ 8 ಪರ್ಸೆಂಟ್ ಏರನ್ನು, ಅಂದರೆ ನೂರು ಮೀಟರ್ ಮುಂದೆ ಹೋದರೆ 8 ಮೀಟರ್ ಮೇಲೇರುವ ರಸ್ತೆಯನ್ನು, ಗಂಟೆಗೆ ಬರೀ 10 ಕಿಲೋಮೀಟರಿನಲ್ಲಿ ಹತ್ತಲಿ. ಭಾರ ಮೇಲೆತ್ತುವುದಕ್ಕೇ ಸುಮಾರು 185 ವ್ಯಾಟ್ ಬೇಕು. ವೇಗ ಅರ್ಧ, ಶ್ರಮ ಎರಡು ಪಟ್ಟಿಗಿಂತ ಜಾಸ್ತಿ. ನಿಧಾನಕ್ಕೆ ಹತ್ತಿದರಾಯಿತಲ್ವಾ ಅಂತೀರಾ? ಹತ್ತಬಹುದು, ಸೈಕಲ್ಲಿನಲ್ಲಿ ಅಷ್ಟು ಸಣ್ಣ ಗೇರ್ ಇದ್ದರೆ. ಚೈನ್ ಕೂರುವ ಹಲ್ಲುಚಕ್ರಗಳಲ್ಲಿ ಮುಂದೆ (ಪೆಡಲಿನ ಹತ್ತಿರ) 34, ಹಿಂದೆ (ಹಿಂದಿನ ಗಾಲಿಯಲ್ಲಿ) 34 ಹಲ್ಲಿದ್ದರೆ ನಿಮಿಷಕ್ಕೆ 60 ಸುತ್ತು ತುಳಿಯುತ್ತ ಗಂಟೆಗೆ ಏಳೂವರೆ ಕಿಲೋಮೀಟರಿನಲ್ಲಿ ಆರಾಮಾಗಿ ಹೋಗಬಹುದು. ಮುಂದೆ 39, ಹಿಂದೆ 25 ಇರುವ ಹಳೇ ರೇಸ್ ಬೈಕಾದರೆ ಅದೇ 60 ಸುತ್ತಿಗೆ ಸುಮಾರು 12 ಕಿಲೋಮೀಟರ್ ವೇಗ ಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ಸುತ್ತು ಕಡಿಮೆಯಾಗುತ್ತ ಹೋಗುತ್ತದೆ, ಭಾರವೆಲ್ಲ ಮಂಡಿ ಮೇಲೆ ಬೀಳುತ್ತದೆ, ಕೊನೆಗೆ ಇಳಿದು ತಳ್ಳಬೇಕು. ಏರಿನ ಅಂಕಿ ಮೊದಲೇ ಗೊತ್ತಿದ್ದರೆ ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಬದಲಾಯಿಸಿಕೊಂಡಾದರೂ ಬರಬಹುದಿತ್ತು.

“ಏರಿದ್ದು ಇಳಿಯುತ್ತದೆ, ಕೊನೆಗೆ ಸರಿಹೋಗುತ್ತದೆ” ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ. ಸರಿಹೋಗುವುದಿಲ್ಲ ಸ್ವಾಮಿ. ಒಂದು ಕಿಲೋಮೀಟರ್ ಏರನ್ನು ಗಂಟೆಗೆ 8ರ ವೇಗದಲ್ಲಿ ಹತ್ತಲು ಏಳೂವರೆ ನಿಮಿಷ. ಅದನ್ನೇ 40ರ ವೇಗದಲ್ಲಿ ಇಳಿಯಲು ಒಂದೂವರೆ ನಿಮಿಷ. ಎರಡು ಕಿಲೋಮೀಟರಿಗೆ ಒಂಬತ್ತು ನಿಮಿಷ, ಅಂದರೆ ಸರಾಸರಿ ಗಂಟೆಗೆ 13 ಚಿಲ್ಲರೆ. ಹೊಸಬರು ಇಳಿಜಾರಿನಲ್ಲಿ 40ರಲ್ಲಿ ಹೋಗುವುದೂ ಇಲ್ಲ. ತಿರುವಿನಲ್ಲಿ ಜಲ್ಲಿ ಇರಬಹುದೆಂಬ ಭಯಕ್ಕೆ ಬ್ರೇಕ್ ಹಿಡಿದುಕೊಂಡೇ ಇರುತ್ತಾರೆ, ಹಿಡಿಯಲೇಬೇಕು ಕೂಡ. ಹೀಗಾಗಿ “ಎರಡು ಗಂಟೆ ಸಾಕು” ಅಂತ ಹೇಳಿದ ರೈಡ್ ಮೂರೂವರೆ ಗಂಟೆಯಾಗುತ್ತದೆ. ತಂದ ನೀರು ಖಾಲಿಯಾಗುತ್ತದೆ. ಮನೆಯಲ್ಲಿ ಕಾಯುವವರಿಗೆ ಗಾಬರಿ.

ಬೆಟ್ಟದ ರಸ್ತೆಯಲ್ಲಿ ಈ ಮೋಸ ಇಲ್ಲ. ಬೆಟ್ಟ ದೂರದಿಂದಲೇ ಕಾಣುತ್ತದೆ, ಎಲ್ಲರೂ ತಯಾರಾಗಿ ಬರುತ್ತಾರೆ. ದಿಬ್ಬಗಳ ನಾಡು ನೋಡಲು ಸೌಮ್ಯ, ತುಳಿಯಲು ಹಾಗಲ್ಲ. ಫ್ರಾನ್ಸಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಅನ್ನುವ ದೂರದ ಸೈಕಲ್ ರೈಡ್ ತಗೊಳ್ಳಿ, 1891ರಲ್ಲಿ ಶುರುವಾದದ್ದು. 1,200 ಕಿಲೋಮೀಟರ್ ದಾರಿಯಲ್ಲಿ ರಸ್ತೆ ಎಲ್ಲೂ 400 ಮೀಟರ್ ಎತ್ತರವನ್ನು ಮುಟ್ಟುವುದಿಲ್ಲ. ಆದರೂ ಒಟ್ಟು ಏರು ಕೂಡಿಸಿದರೆ 11–12 ಸಾವಿರ ಮೀಟರ್, ಎವರೆಸ್ಟಿನ ಎತ್ತರಕ್ಕಿಂತ ಜಾಸ್ತಿ. ಎಲ್ಲ ಸಣ್ಣಪುಟ್ಟ ಏರಿಳಿತವೇ! ಬೆಲ್ಜಿಯಮ್ಮಿನ ಕೊಪೆನ್‌ಬರ್ಗ್ ಅನ್ನುವ ದಿಬ್ಬ ನೋಡಿ. ಅದರ ತುದಿ ಸಮುದ್ರ ಮಟ್ಟದಿಂದ 80 ಮೀಟರೂ ಇಲ್ಲ. ಏರು ಸುಮಾರು 600 ಮೀಟರ್ ಉದ್ದ ಅಷ್ಟೇ. ಆದರೆ ಅತಿ ಕಡಿದಾದ ಕಡೆ 22 ಪರ್ಸೆಂಟ್, ಅದೂ ಕಲ್ಲು ಹಾಸಿದ ರಸ್ತೆ. ಟೂರ್ ಆಫ್ ಫ್ಲಾಂಡರ್ಸ್ ರೇಸಿನಲ್ಲಿ ವೃತ್ತಿಪರ ಸವಾರರೇ ಅಲ್ಲಿ ಇಳಿದು ತಳ್ಳಿದ್ದಾರೆ. ಎತ್ತರ ಕಡಿಮೆ ಅಂತ ಸುಲಭ ಅಂದುಕೊಳ್ಳುವವರಿಗೆ ಇನ್ನೇನು ಹೇಳಲಿ.

ಈಗ ಒಂದು ಮಾತು ಬಂದೇ ಬರುತ್ತದೆ: “ಅಂಕಿ ಎಲ್ಲ ಹಾಕಿದರೆ ಹೊಸಬರು ಹೆದರಿ ಬರುವುದೇ ಇಲ್ಲ. ಕಷ್ಟಪಟ್ಟರೆ ತಾನೇ ಕಲಿಯುವುದು?” ಕಷ್ಟಪಡಲಿ, ಯಾರು ಬೇಡ ಅಂದರು. ಏರು ನನಗೂ ಇಷ್ಟ. ಆದರೆ ಗೊತ್ತಿದ್ದು ಪಡುವ ಕಷ್ಟಕ್ಕೂ ಹೇಳದೆ ತಂದಿಟ್ಟ ಕಷ್ಟಕ್ಕೂ ಅಜಗಜಾಂತರ. ಇನ್ನೂ 300 ಮೀಟರ್ ಇದೆ, ಆಮೇಲೆ ಇಳಿಜಾರು ಅಂತ ಗೊತ್ತಿದ್ದವರು ಉಸಿರು ಉಳಿಸಿಕೊಂಡು ಹತ್ತುತ್ತಾರೆ. ಗೊತ್ತಿಲ್ಲದವರು ಮೊದಲ ನೂರು ಮೀಟರಿನಲ್ಲೇ ಎಲ್ಲ ಸುರಿದುಬಿಡುತ್ತಾರೆ. ಹೆದರಿ ಬಾರದವರು ಮುಂದಿನ ಸಲ ಬರಬಹುದು. ಇವತ್ತು ಅವಮಾನ ಪಟ್ಟು ಹೋದವರು ಸೈಕಲ್ಲನ್ನೇ ಮಾರಿಬಿಡುತ್ತಾರೆ.

ಎಲೆಕ್ಟ್ರಿಕ್ ಸೈಕಲ್ ಬಂದಿದೆಯಲ್ಲ ಅನ್ನುವವರಿಗೂ ಅದೇ ಉತ್ತರ. ಏರಿನಲ್ಲೇ ಬ್ಯಾಟರಿ ಬೇಗ ಕರಗುವುದು. ಅವರಿಗೂ ಏರಿನ ಲೆಕ್ಕ ಬೇಕು.

ಮೊಣಕಾಲಿನ ಆಪರೇಷನ್ ಆದ ಮೇಲೆ ನಾನೂ ಗುಂಪಿನ ಕೊನೆಯಲ್ಲೇ ಇರುವವನು. ಇದನ್ನು ಎಲ್ಲೂ ಬರೆದಿರಲಿಲ್ಲ. ಕೊನೆಯಲ್ಲಿ ಇದ್ದರೆ ಮುಂದಿದ್ದಾಗ ಕಾಣದ್ದು ಕಾಣುತ್ತದೆ. ಮುಂದಿನವರು ಏರಿನ ತುದಿಯಲ್ಲಿ ಹತ್ತು ನಿಮಿಷ ನಿಂತು, ನೀರು ಕುಡಿದು, ಫೋಟೋ ತೆಗೆದುಕೊಳ್ಳುತ್ತಾರೆ. ಕೊನೆಯವರು ಏದುಸಿರು ಬಿಡುತ್ತ ತಲುಪಿದ ಕ್ಷಣವೇ “ಎಲ್ಲ ಬಂದರಲ್ಲ, ನಡೀರಿ.” ಯಾರಿಗೆ ವಿಶ್ರಾಂತಿ ಬೇಕಿತ್ತೋ ಅವರಿಗೇ ಇಲ್ಲ. ಗುಂಪಿನಲ್ಲಿ ಇನ್ನೊಬ್ಬರ ಹಿಂದೆ ಹೋದರೆ ಗಾಳಿಯ ಹೊಡೆತ ತುಂಬ ಕಡಿಮೆ. ಆ ಲಾಭವೂ ಮುಂದಿನ ಬಲಶಾಲಿಗಳಿಗೇ. ಹಿಂದೆ ಒಂಟಿಯಾಗಿ ಉಳಿದವರು ಪೂರ್ತಿ ಗಾಳಿಗೆ ಎದೆ ಕೊಟ್ಟು ತುಳಿಯಬೇಕು.

ಎಲ್ಲರಿಗೂ ಆಗುವ ರೂಟ್ ಹಾಕುವುದು ಸಾಧ್ಯ, ಕೆಲಸ ಜಾಸ್ತಿ ಅಷ್ಟೇ. 1995ರಲ್ಲಿ ಬೆಲ್ಜಿಯಮ್ಮಿನ ಲಿಂಬರ್ಗಿನಲ್ಲಿ ಶುರುವಾದ, ಹ್ಯೂಗೋ ಬೋಲೆನ್ ಎಂಬ ಗಣಿ ಎಂಜಿನಿಯರ್ ಯೋಚಿಸಿದ ಪದ್ಧತಿ ನೋಡಿ. ಸೈಕಲ್ ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ನಂಬರ್. ಒಂದು ನಂಬರಿನಿಂದ ಮುಂದಿನ ನಂಬರಿಗೆ ಬೋರ್ಡ್. ಸುಸ್ತಾದರೆ ಹತ್ತಿರದ ನಂಬರ್ ಹಿಡಿದು ವಾಪಸ್, ಹುರುಪಿದ್ದರೆ ಇನ್ನೆರಡು ನಂಬರ್ ಸೇರಿಸಿಕೊಂಡು ಮುಂದೆ. ನಮಗೆ ಬೋರ್ಡ್ ಬೇಡ, ಆ ಯೋಚನೆ ಸಾಕು. 60 ಕಿಲೋಮೀಟರಿನ ಒಂದೇ ದೊಡ್ಡ ಸುತ್ತಿನ ಬದಲು, ಹೊರಟ ಜಾಗಕ್ಕೇ ಬಂದು ಸೇರುವ 20ರ ಮೂರು ಸುತ್ತು ಹಾಕಿ. ಮೊದಲನೆಯದು ಚಪ್ಪಟೆ, ಎರಡನೆಯದರಲ್ಲಿ ನಾಲ್ಕೈದು ಪರ್ಸೆಂಟಿನ ದಿಬ್ಬಗಳು, ಕಡಿದಾದ್ದು ಮೂರನೆಯದರಲ್ಲಿ. ಒಂದು ಸುತ್ತು ಮುಗಿಸಿ ನಿಲ್ಲುವವರು ಸೋತು ನಿಂತ ಹಾಗಲ್ಲ, ಅವರ ರೈಡ್ ಪೂರ್ತಿಯಾಗಿದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ ಇರುವ ಹಾಗೆ ನೋಡಿಕೊಳ್ಳಿ. ಕೊನೆಯ ಹತ್ತು ಕಿಲೋಮೀಟರಿನಲ್ಲಿ ದೊಡ್ಡ ಏರು ಇಡಲೇಬೇಡಿ.

ಇನ್ನೊಂದು, ಇದನ್ನು ಮಾಡುವವರು ತೀರಾ ಕಡಿಮೆ: ಹಾಕಿದ ಸುತ್ತನ್ನು ಉಲ್ಟಾ ತಿರುಗಿಸಿ ನೋಡಿ. ಹೊರಟಲ್ಲಿಗೇ ಬರುವ ಸುತ್ತಿನಲ್ಲಿ ಯಾವ ಕಡೆಯಿಂದ ಹೋದರೂ ಒಟ್ಟು ಏರು ಅಷ್ಟೇ, ಹಂಚಿಕೆ ಮಾತ್ರ ಬದಲಾಗುತ್ತದೆ. ಒಂದು ದಿಬ್ಬದ ಈ ಪಕ್ಕ 600 ಮೀಟರಿಗೆ 10 ಪರ್ಸೆಂಟ್, ಆ ಪಕ್ಕ ಎರಡು ಕಿಲೋಮೀಟರಿಗೆ 3 ಪರ್ಸೆಂಟ್ ಅಂತಿಟ್ಟುಕೊಳ್ಳಿ. ಎರಡೂ 60 ಮೀಟರ್ ಏರೇ. 3ರ ಕಡೆಯಿಂದ ಹತ್ತಿಸಿದರೆ ಬಹುತೇಕ ಎಲ್ಲರೂ ಸೀಟಿನ ಮೇಲೆ ಕೂತೇ ಹತ್ತುತ್ತಾರೆ. ಕಡಿದಾದ ಪಕ್ಕ ಇಳಿಯುವ ಮುಂಚೆ ತುದಿಯಲ್ಲಿ ಎಲ್ಲರನ್ನೂ ನಿಲ್ಲಿಸಿ, ಕೊನೆಯವರಿಗೂ ಐದು ನಿಮಿಷ ಕೊಟ್ಟು, ಕೆಳಗಿನ ತಿರುವಿನಲ್ಲಿ ಜಲ್ಲಿ ಇದೆಯೋ ಇಲ್ಲವೋ ಹೇಳಿ ಇಳಿಸಿ.