ಹಾರ್ಪ್ ಸ್ಪರ್ಧೆ ದಾವೀದ ರಾಜನ ಕಾಲದ್ದಾ? ಸತ್ಯಾಂಶ ಇಲ್ಲಿದೆ

ಇಸ್ರೇಲ್‌ನ ಹಾರ್ಪ್ (ಬೆರಳಲ್ಲಿ ಮೀಟೋ ತಂತಿವಾದ್ಯ) ಸ್ಪರ್ಧೆ ಬೈಬಲ್‌ನಲ್ಲಿ ಬರೋ ದಾವೀದ ರಾಜನ ಕಾಲದಿಂದ 3000 ವರ್ಷ ನಿಲ್ಲದೆ ನಡ್ಕೊಂಡು ಬಂದಿದೆ, ಜಗತ್ತಲ್ಲೇ ಮೊದಲನೇದು ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಹಾಗೇನಿಲ್ಲ. ಅದು ಶುರುವಾಗಿದ್ದೇ 1959ರಲ್ಲಿ, ಶುರು ಮಾಡಿದ್ದು ಎ.ಝಡ್. ಪ್ರೋಪೆಸ್ ಅನ್ನೋರು, ಮೊದಲ ಸಲ ಗೆದ್ದಿದ್ದು ಸುಸಾನಾ ಮಿಲ್ಡೋನಿಯನ್. ದಾವೀದ ತಂತಿವಾದ್ಯ ನುಡಿಸ್ತಿದ್ದ ಅಂತ ಬೈಬಲ್‌ನಲ್ಲಿದೆ ನಿಜ, ಆದ್ರೆ ಅದಕ್ಕೂ ಈ ಸ್ಪರ್ಧೆಗೂ ಎಲ್ಲಿಂದೆಲ್ಲಿಗೆ ಸಂಬಂಧ!

ಮೊದಲನೇದು ಅನ್ನೋದೂ ತಪ್ಪೇ. 1792ರ ಜುಲೈನಲ್ಲೇ ಬೆಲ್‌ಫಾಸ್ಟ್‌ನಲ್ಲಿ ಹಾರ್ಪ್ ನುಡಿಸೋರನ್ನ ಸೇರಿಸಿ ಬಹುಮಾನ ಕೊಟ್ಟಿದ್ರು, ಐರ್ಲೆಂಡ್‌ನೋರು 10 ಜನ, ವೇಲ್ಸ್‌ನವನು ಒಬ್ಬ, ಅವರಲ್ಲಿ ಸುಮಾರು ಜನಕ್ಕೆ ಕಣ್ಣೇ ಕಾಣ್ತಿರ್ಲಿಲ್ಲ, 90 ದಾಟಿದ್ದ ಡೆನಿಸ್ ಹೆಂಪ್ಸನ್ ಉದ್ದ ಉಗುರಲ್ಲಿ ಹಳೇ ಪದ್ಧತೀಲೇ ಲೋಹದ ತಂತಿ ಮೀಟ್ತಿದ್ದ, 19ರ ಹುಡುಗ ಎಡ್ವರ್ಡ್ ಬಂಟಿಂಗ್ ಕೂತು ರಾಗಗಳನ್ನ ಬರ್ಕೊಂಡ. ಮೊದಲ ಬಹುಮಾನ ಮಾತ್ರ ಚಾರ್ಲ್ಸ್ ಫ್ಯಾನಿಂಗ್‌ಗೆ ಹೋಯ್ತು. ನನಗೇನೋ ಹೆಂಪ್ಸನ್ ಅಜ್ಜನಿಗೇ ಸಿಗಬೇಕಿತ್ತು ಅನ್ಸುತ್ತೆ.