ಹಿಂಬಾಲಕರು ಬೇಕಾಗಿದ್ದಾರೆ

ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ಎರಡು ಸಂಗತಿಗಳು ತಪ್ಪದೆ ನಡೆಯುತ್ತವೆ. ಹಿಂದ್‌ಮಾತಾದ ರಸ್ತೆಯಲ್ಲಿ ಮಳೆನೀರು ನಿಲ್ಲುತ್ತದೆ. ಉಪನಗರಗಳ ಬ್ಯಾಂಕ್ವೆಟ್ ಹಾಲುಗಳಲ್ಲಿ ಸೇವಾ ಕ್ಲಬ್ಬುಗಳ ಹೊಸ ಅಧ್ಯಕ್ಷರ ಕೊರಳಿಗೆ ಪದಕಗಳ ಪಟ್ಟಿ ಬೀಳುತ್ತದೆ. ನೀರು ಪಂಪು ಹಚ್ಚಿದರೆ ಇಳಿಯುತ್ತದೆ. ಪಟ್ಟಿ ಇಳಿಯಬೇಕಾದರೆ ಮುಂದಿನ ಜೂನ್ 30ರವರೆಗೆ ಕಾಯಬೇಕು, ಇಳಿದ ಮೇಲೂ ಅದನ್ನು ಧರಿಸಿದ್ದವರು ಆಯುಷ್ಯವಿಡೀ ಮಾಜಿ ಅಧ್ಯಕ್ಷರಾಗಿ ವೇದಿಕೆಯ ಮೇಲೊಂದು ಕುರ್ಚಿಗೆ ಹಕ್ಕುದಾರರಾಗಿರುತ್ತಾರೆ.

ವರ್ಷಕ್ಕೊಬ್ಬ ಅಧ್ಯಕ್ಷ ಎಂಬ ಪದ್ಧತಿಯನ್ನು ದೂರುವಂತಿಲ್ಲ. 1905ರ ಫೆಬ್ರವರಿ 23ರಂದು ಷಿಕಾಗೊದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್ ಮತ್ತು ಒಬ್ಬ ದರ್ಜಿಯೊಡನೆ ಕುಳಿತು ರೋಟರಿಯನ್ನು ಆರಂಭಿಸಿದ ಕಾಲದಲ್ಲಿ ಸಭೆಗಳೂ ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ನಡೆಯುತ್ತಿದ್ದವು. 1917ರಲ್ಲಿ ಅದೇ ಊರಿನ ಮೆಲ್ವಿನ್ ಜೋನ್ಸ್ ಲಯನ್ಸ್ ಸಂಸ್ಥೆಗೆ ಬುನಾದಿ ಹಾಕಿದರು. ಸರದಿಯಿದ್ದರೆ ಅಧಿಕಾರ ಒಬ್ಬರ ಕೈಯಲ್ಲಿ ಜಡ್ಡುಗಟ್ಟುವುದಿಲ್ಲ ಎಂಬುದು ನಿಜ. ಆದರೆ ನಲವತ್ತು ಸದಸ್ಯರ ಕ್ಲಬ್ಬು ಬೆಳ್ಳಿಹಬ್ಬ ಆಚರಿಸುವ ಹೊತ್ತಿಗೆ ಅದರಲ್ಲಿ ಎಷ್ಟು ಮಂದಿ ಅಧ್ಯಕ್ಷರಾಗಿ ಇಳಿದಿರುತ್ತಾರೆ, ಎಷ್ಟು ಮಂದಿ ಏರಲು ಸಾಲುಗಟ್ಟಿರುತ್ತಾರೆ ಎಂಬುದನ್ನು ಲೆಕ್ಕ ಹಾಕಿದರೆ ಕುರ್ಚಿ ಜೋಡಿಸುವುದಕ್ಕೆ ಯಾರೂ ಉಳಿಯುವುದಿಲ್ಲ. (ದರ್ಜಿ ಈಗಲೂ ಇದ್ದಾನೆ, ಪದಗ್ರಹಣದ ಬ್ಲೇಜರಿನ ಅಳತೆ ತೆಗೆದು ಹೋಗುತ್ತಾನೆ.)

ನಾನು ಹೇಳುತ್ತಿರುವ ಕ್ಲಬ್ಬು ಪಶ್ಚಿಮ ರೈಲ್ವೆಯ ಮಾರ್ಗದಲ್ಲಿರುವ ಒಂದು ಉಪನಗರದ್ದು. ಅದರ ಹೆಸರು ಹೇಳುವುದಿಲ್ಲ, ಹೇಳಿದರೆ ತಮ್ಮನ್ನು ಬಿಟ್ಟರೆಂದು ಉಳಿದ ಕ್ಲಬ್ಬುಗಳಿಗೆ ಬೇಸರವಾದೀತು. ಸದಸ್ಯರು ಬಹುಪಾಲು ನಮ್ಮವರೇ, ಮುಂಬಯಿಯ ಕನ್ನಡಿಗರು: ಹೋಟೆಲು ಮಾಲಕರು, ಕೇಟರಿಂಗಿನವರು, ಲೆಕ್ಕ ಪರಿಶೋಧಕರು, ಬ್ಯಾಂಕಿನಿಂದ ನಿವೃತ್ತರಾದವರು. ಇಷ್ಟೊಂದು ಮಾಜಿ ಅಧ್ಯಕ್ಷರಿದ್ದರೂ ನಾಯಕತ್ವದ ಕೊರತೆ ಎದ್ದುಕಾಣುತ್ತಿದೆ ಎಂದು ಕಾರ್ಯಕಾರಿ ಸಮಿತಿಗೆ ಅನಿಸಿದ್ದರಿಂದ, ಮೇ ತಿಂಗಳಲ್ಲಿ ಲೋಣಾವಳದ ರೆಸಾರ್ಟೊಂದರಲ್ಲಿ ಎರಡು ದಿನಗಳ ನಾಯಕತ್ವ ತರಬೇತಿ ಶಿಬಿರವನ್ನು ಏರ್ಪಡಿಸಲಾಯಿತು. ಮೊದಲ ಗೋಷ್ಠಿಯ ವಿಷಯ ಸಮಯ ಪಾಲನೆ. ಶನಿವಾರದ ಬೆಳಗ್ಗೆ ಖಂಡಾಲ ಘಾಟಿಯಲ್ಲಿ ವಾಹನಗಳು ಕದಲದಿರುವುದು ಮುಂಬಯಿ-ಪುಣೆ ನಡುವೆ ಓಡಾಡುವ ಪ್ರತಿಯೊಬ್ಬರಿಗೂ ತಿಳಿದ ಸಂಗತಿಯಾಗಿದ್ದರೂ ಎಲ್ಲರೂ ಅದೇ ಹೊತ್ತಿಗೆ ಹೊರಟು ಅಲ್ಲಿಯೇ ಸಿಕ್ಕಿಕೊಂಡ ಕಾರಣ ಆ ಗೋಷ್ಠಿಯನ್ನು ಊಟದ ನಂತರಕ್ಕೆ, ಊಟದ ನಂತರ ಹಲವರು ಮಲಗಿದ್ದ ಕಾರಣ ಮರುದಿನಕ್ಕೆ ಮುಂದೂಡಲಾಯಿತು.

ತರಬೇತುದಾರರು ರಾಷ್ಟ್ರಮಟ್ಟದವರು. ಅವರು ನಾಯಕನ ಗುಣಗಳನ್ನು ಪರದೆಯ ಮೇಲೆ ತೋರಿಸಿದರು, ಬಲೂನು ಊದಿಸಿದರು, ಹಳೆಯ ಪತ್ರಿಕೆಗಳಿಂದ ಗೋಪುರ ಕಟ್ಟಿಸಿದರು. ಕೊನೆಗೆ ಪರಸ್ಪರ ವಿಶ್ವಾಸದ ಆಟವೊಂದನ್ನು ಆಡಿಸಿದರು. ಒಬ್ಬರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಹಿಂದೆ ನಿಂತ ಆರು ಮಂದಿ ಅವರನ್ನು ಹಿಡಿಯಬೇಕು. ಬೀಳುವುದಕ್ಕೆ ಖಜಾಂಚಿಯವರನ್ನು ಆರಿಸಲಾಯಿತು, ಹಿಡಿಯಲು ನಿಂತ ಆರು ಮಂದಿಯೂ ಮಾಜಿ ಅಧ್ಯಕ್ಷರು. ಖಜಾಂಚಿಯವರು ವಿಶ್ವಾಸದಿಂದಲೇ ಬಿದ್ದರು. ಆ ಕ್ಷಣದಲ್ಲಿ ಆರು ಮಂದಿಯೂ ತಾವು ಕಲಿತದ್ದನ್ನು ಮರೆಯದೆ, ಹಿಡಿಯುವ ಕೆಲಸವನ್ನು ಪಕ್ಕದವರಿಗೆ ವಹಿಸಿಕೊಟ್ಟರು. ಖಜಾಂಚಿಯವರ ಸೊಂಟಕ್ಕೆ ಪಟ್ಟಿ ಕಟ್ಟಿದ್ದು ರೆಸಾರ್ಟಿನ ಮಾಣಿ. ಅವನಿಗೆ ಯಾವ ತರಬೇತಿಯೂ ಆಗಿರಲಿಲ್ಲ.

ಹಗಲಿನ ನೋವುಗಳೆಲ್ಲ ಸಂಜೆಯ ಫೆಲೋಶಿಪ್ಪಿನಲ್ಲಿ, ಅಂದರೆ ಊಟದ ಕೂಟದಲ್ಲಿ, ಕರಗಿಹೋದವು. ಈ ವಿಭಾಗದಲ್ಲಿ ನಮ್ಮ ಕ್ಲಬ್ಬುಗಳ ದಕ್ಷತೆಯನ್ನು ಯಾರೂ ಪ್ರಶ್ನಿಸಲಾರರು. ಸೇವಾಯೋಜನೆಯ ಸಭೆಗೆ ಕೋರಂ ಸಿಗದಿದ್ದರೂ ಕೋರಿ ರೊಟ್ಟಿ, ಬಂಗುಡೆ ಫ್ರೈ ಇರುವ ಸಭೆಗೆ ಹಾಜರಾತಿ ನೂರಕ್ಕೆ ನೂರು. ತಮ್ಮ ಕ್ಲಬ್ಬಿನ ಸಭೆಗೆ ತಪ್ಪಿಸಿಕೊಂಡವರು ಇನ್ನೊಂದು ಕ್ಲಬ್ಬಿನ ಸಭೆಗೆ ಹೋಗಿ ಆ ಕೊರತೆಯನ್ನು ತುಂಬಿಕೊಳ್ಳಬಹುದೆಂಬ ರೋಟರಿಯ ಹಳೆಯ ನಿಯಮವನ್ನು ನಮ್ಮವರು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾರೆಂದರೆ, ವಾರಕ್ಕೆ ನಾಲ್ಕು ರಾತ್ರಿ ಕೊರತೆ ತುಂಬಿಕೊಳ್ಳುತ್ತಲೇ ಸಕ್ಕರೆ ಕಾಯಿಲೆ ಬರಿಸಿಕೊಂಡವರಿದ್ದಾರೆ. ಅವರಿಗಾಗಿಯೇ ಕ್ಲಬ್ಬು ವರ್ಷಕ್ಕೊಮ್ಮೆ ಉಚಿತ ಮಧುಮೇಹ ತಪಾಸಣೆ ನಡೆಸುತ್ತದೆ. ಲಯನ್ಸ್‌ನಲ್ಲಿ ಟೇಲ್ ಟ್ವಿಸ್ಟರ್ ಎಂಬ ಅಧಿಕಾರಿಯೇ ಇದ್ದು, ಸದಸ್ಯರಿಗೆ ತಮಾಷೆಯ ದಂಡ ಹಾಕುವುದೇ ಅವರ ಹೊಣೆ. ಅವರಿಗೇ ದಂಡ ಹಾಕಬೇಕಾದರೆ ಹಾಜರಿದ್ದ ಸದಸ್ಯರೆಲ್ಲರ ಒಮ್ಮತ ಬೇಕು. ಸೇವೆ ಮಾಡದಿದ್ದುದಕ್ಕೆ ದಂಡ ತೆತ್ತವರನ್ನು ಮಾತ್ರ ನಾನು ಕಂಡಿಲ್ಲ.

ಸೇವೆಯೇ ನಡೆಯುವುದಿಲ್ಲ ಎಂದರೆ ಅನ್ಯಾಯವಾದೀತು. ಮಹಾರಾಷ್ಟ್ರದಲ್ಲಿ ಶಾಲೆಗಳು ಜೂನ್ ಮಧ್ಯದಲ್ಲಿ ತೆರೆಯುತ್ತವೆ, ಕ್ಲಬ್ಬಿನ ವರ್ಷ ಜುಲೈ 1ಕ್ಕೆ ತೆರೆಯುತ್ತದೆ. ಆದ್ದರಿಂದ ಮಕ್ಕಳೆಲ್ಲ ಪುಸ್ತಕ ಕೊಂಡು ಹದಿನೈದು ದಿನ ಬರೆದ ಮೇಲೆ ನೋಟುಬುಕ್ಕುಗಳ ವಿತರಣೆಯಾಗುತ್ತದೆ. ಒಂದು ನೋಟುಬುಕ್ಕನ್ನು ಏಳು ಮಂದಿ ಹಿಡಿದು ಒಂದು ಮಗುವಿಗೆ ಕೊಡುತ್ತಿರುವ ಚಿತ್ರದಲ್ಲಿ ಮಗುವಿನ ಮುಖ ಕಾಣಿಸುವುದಿಲ್ಲ. ಷಿಕಾಗೊದ ಆ ಮೊದಲ ರೋಟರಿಯವರು 1907ರಲ್ಲಿ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ಊರಿಗೊಂದು ಸಾರ್ವಜನಿಕ ಶೌಚಾಲಯವಾಗಲಿ ಎಂದು ಓಡಾಡಿದ್ದು. ಈ ಚರಿತ್ರೆಯನ್ನು ಓದಿಕೊಂಡಿದ್ದ ಹೊಸ ಸದಸ್ಯರೊಬ್ಬರು ನಮ್ಮ ರೈಲು ನಿಲ್ದಾಣದ ಹೊರಗೆ ಮಹಿಳೆಯರಿಗೊಂದು ಶೌಚಾಲಯ ಬೇಕೆಂದು ಪ್ರಸ್ತಾವಿಸಿದಾಗ ಸಮಿತಿ ಗಂಭೀರವಾಗಿಯೇ ಚರ್ಚಿಸಿತು. ಉದ್ಘಾಟನೆಗೆ ಕ್ಲಬ್ಬುಗಳ ಜಿಲ್ಲಾ ಗವರ್ನರರನ್ನು ಕರೆದರೆ ಅವರು ಮೊದಲಿಗೆ ಏನನ್ನು ಉದ್ಘಾಟಿಸಬೇಕು, ಫಲಕದಲ್ಲಿ ಅಧ್ಯಕ್ಷರ ಹೆಸರನ್ನು ಯಾವ ಬಾಗಿಲ ಮೇಲೆ ಬರೆಸಬೇಕು ಎಂಬ ಎರಡು ತೊಡಕುಗಳು ಬಗೆಹರಿಯದೆ ಪ್ರಸ್ತಾವ ಬಿದ್ದುಹೋಯಿತು. ಅದರ ಬದಲು ನಿಲ್ದಾಣದ ಪಾದಚಾರಿ ಸೇತುವೆಗೆ 'ಸ್ವಚ್ಛತೆ ಕಾಪಾಡಿ' ಎಂಬ ಬ್ಯಾನರು ಬಂತು. ಸೇತುವೆ ದಾಟುವ ಜನರನ್ನೆಲ್ಲ ಕಾರ್ಯದರ್ಶಿಯವರು ವಾರ್ಷಿಕ ವರದಿಯಲ್ಲಿ ಫಲಾನುಭವಿಗಳ ಪಟ್ಟಿಗೆ ಸೇರಿಸಿದರು. ದಿವಾಳಿಯಂಚಿನಲ್ಲಿದ್ದ ಕಂಪೆನಿಯೊಂದನ್ನು ಎತ್ತಿ ನಿಲ್ಲಿಸಲು 1932ರಲ್ಲಿ ಹರ್ಬರ್ಟ್ ಟೇಲರ್ ಬರೆದುಕೊಂಡ ನಾಲ್ಕು ಪ್ರಶ್ನೆಗಳ ಪರೀಕ್ಷೆಯನ್ನು ರೋಟರಿ ಸಭೆಗಳಲ್ಲಿ ಎದ್ದು ನಿಂತು ಪಠಿಸುತ್ತಾರಲ್ಲ, ಅದರ ಮೊದಲನೆಯ ಪ್ರಶ್ನೆ 'ಇದು ಸತ್ಯವೇ?' ಎಂಬುದು. ವರದಿಯನ್ನು ಪಠಣಕ್ಕೆ ಮುಂಚೆಯೇ ಅಂಗೀಕರಿಸಿಬಿಡುವುದು ವಾಡಿಕೆ.

ಇಂಥ ಮಾತೆತ್ತಿದರೆ ಪೋಲಿಯೊ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರಕ್ಕೆ ತಲೆಬಾಗಲೇಬೇಕು. 1985ರಿಂದ ರೋಟರಿ ಜಗತ್ತಿನಾದ್ಯಂತ ಬೆನ್ನುಹತ್ತಿದ ಆ ರೋಗದ ಕೊನೆಯ ಪ್ರಕರಣ ಭಾರತದಲ್ಲಿ ಕಾಣಿಸಿದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. ಬೂತುಗಳಲ್ಲಿ ಕುಳಿತು, ಐಸ್ ಪೆಟ್ಟಿಗೆ ಹೊತ್ತು ಮನೆಮನೆ ಅಲೆದು ಹನಿ ಹಾಕಿದವರಿಗೆ ಲೋಣಾವಳದ ತರಬೇತಿ ಆಗಿರಲಿಲ್ಲ. ಆದರೆ ನಮ್ಮ ಕ್ಲಬ್ಬಿಗೆ 2011ರ ಅನಂತರ ಸೇರಿದವರೂ ಪದಗ್ರಹಣದ ಭಾಷಣದಲ್ಲಿ ಪೋಲಿಯೊವನ್ನು ತಾವೇ ಓಡಿಸಿದ ಧಾಟಿಯಲ್ಲಿ ಮಾತನಾಡುತ್ತಾರೆ.

ಶಿಬಿರದಿಂದ ಮರಳಿದ ನಾಯಕರಿಗೆ ಒಂದು ತೊಂದರೆ ಎದುರಾಯಿತು. ಕಲಿತ ನಾಯಕತ್ವವನ್ನು ಪ್ರಯೋಗಿಸಲು ಜನ ಬೇಕಲ್ಲ? ಆಗ ನೆನಪಾದದ್ದು ಕನ್ನಡ ರಾತ್ರಿ ಶಾಲೆ. ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ಸಂಜೆ ಪಾಟಿಚೀಲ ಹಿಡಿದು ಕಲಿತ ಇಂಥ ಶಾಲೆಗಳಿಂದಲೇ ಈ ಊರಿನ ಎಷ್ಟೋ ಮಂದಿ ನಮ್ಮವರು ವಕೀಲರೂ ಮಾಲಕರೂ ಆದರು. ಕ್ಲಬ್ಬಿನ ಹಿರಿಯ ಸದಸ್ಯರಲ್ಲೂ ಅಲ್ಲಿ ಓದಿದವರಿದ್ದಾರೆ, ಆದರೆ ಪರಿಚಯ ಪತ್ರದಲ್ಲಿ ಅದನ್ನು ಹಾಕುವುದಿಲ್ಲ. ಕೊಠಡಿಯ ಟ್ಯೂಬ್‌ಲೈಟುಗಳು ಕೆಟ್ಟಿವೆ, ಬದಲಿಸಿಕೊಡಿ ಎಂದು ಮುಖ್ಯೋಪಾಧ್ಯಾಯರು ಕ್ಲಬ್ಬಿಗೆ ಪತ್ರ ಬರೆದಿದ್ದರು. ಅದಕ್ಕೆ ಉತ್ತರವಾಗಿ ಕ್ಲಬ್ಬು ಅದೇ ತರಬೇತುದಾರರನ್ನು ಕಳುಹಿಸಿತು.

ಉಳಿದಿದ್ದ ಒಂದು ದೀಪದ ಕೆಳಗೆ ನಿಂತು ಅವರು, ಯಶಸ್ವಿ ವ್ಯಕ್ತಿಗಳೆಲ್ಲ ಮುಂಜಾನೆ ಐದು ಗಂಟೆಗೆ ಏಳುತ್ತಾರೆ, ನೀವೂ ಏಳಲು ಅಭ್ಯಾಸ ಮಾಡಿಕೊಳ್ಳಿ ಎಂದು ಬೋಧಿಸಿದರು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಇಡ್ಲಿ ಹಾಕಲಿಕ್ಕೆ ನಾವು ನಾಲ್ಕೂವರೆಗೆ ಏಳುತ್ತೇವೆ. ಐದರವರೆಗೆ ಮಲಗಬಹುದೆಂದು ನಮ್ಮ ಧಣಿಗಳಿಗೆ ನೀವು ಒಂದು ಮಾತು ಹೇಳುತ್ತೀರಾ?" ಎಂದ. ಧಣಿಗಳು ವೇದಿಕೆಯ ಮೇಲೆಯೇ ಇದ್ದರು, ನಿಕಟಪೂರ್ವ ಅಧ್ಯಕ್ಷರ ಕುರ್ಚಿಯಲ್ಲಿ. ಸಂವಾದ ಫಲಪ್ರದವಾಗಿತ್ತೆಂದು ವರದಿಯಲ್ಲಿ ದಾಖಲಾಗಿದೆ. ಟ್ಯೂಬ್‌ಲೈಟಿನ ಪತ್ರ ಈ ವರ್ಷದ ಆಯವ್ಯಯಕ್ಕೆ ಬರುವುದಿಲ್ಲವಾದ್ದರಿಂದ, ಅದನ್ನು ಮುಂದಿನ ಅಧ್ಯಕ್ಷರ ಗಮನಕ್ಕೆ ತರಲು ಒಮ್ಮತದಿಂದ ನಿರ್ಣಯಿಸಿ ಸಭೆಯನ್ನು ಫೆಲೋಶಿಪ್ಪಿಗಾಗಿ ಮುಕ್ತಾಯಗೊಳಿಸಲಾಯಿತು.